ಎಡಗೈಯ ಹದಿನೈದು ದಿನ

ಹಾರ್ಮೋನಿಯಂ ಇದ್ದ ಮನೆಯಲ್ಲೇ ಇಪ್ಪತ್ತಮೂರು ವರ್ಷ ಬೆಳೆದರೂ ನನ್ನ ಎಡಗೈ ಒಂದು ಸ್ವರವನ್ನೂ ನುಡಿಸಿರಲಿಲ್ಲ. ಅದರ ಕೆಲಸ ಗಾಳಿ ತುಂಬಲು ತಿದಿ ಒತ್ತುವುದು, ಅಷ್ಟೇ. ಸಣ್ಣವಳಿದ್ದಾಗ ಒಮ್ಮೆ ಅದು ಆಸೆಪಟ್ಟು ಮುಂದೆ ಬಂದು ಸ್ವರದ ಒಂದು ಬಿಳಿ ಮನೆ ಒತ್ತಿತು. ಸಂಗೀತದ ಮೇಷ್ಟ್ರು ಗೆಣ್ಣಿನ ಮೇಲೆ ಬೆತ್ತದಲ್ಲಿ ಕೊಟ್ಟರು. ಎಡಗೈಯಲ್ಲಿ ಸರಸ್ವತಿಯನ್ನು ಮುಟ್ಟುವುದುಂಟೇ ಎಂದು ಅಮ್ಮನೂ ಅವರ ಪರವೇ ನಿಂತಳು. ಅಮ್ಮ ನಾಟಕ ಕಂಪನಿಯಲ್ಲಿ ಪಾರ್ಟು ಮಾಡಿ ಬಿಟ್ಟವಳು. ಜೋಗುಪಾಳ್ಯದ ನಮ್ಮ ಓಣಿ ನಮ್ಮ ಬಗ್ಗೆ ಆಡಬೇಕಾದದ್ದನ್ನೆಲ್ಲ ನಾನು ಹುಟ್ಟುವ ಮೊದಲೇ ಆಡಿ ಮುಗಿಸಿತ್ತು. ಅದೂ ಒಂದು ಅನುಕೂಲವೇ. ನಾನು ಏನು ಮಾಡಿದರೂ ಹೊಸದಾಗಿ ಹೋಗುವ ಮಾನ ಮನೆಯಲ್ಲಿ ಉಳಿದಿರಲಿಲ್ಲ.

ಆಗ ಯುದ್ಧದ ಕಾಲ. ನಮ್ಮ ದಂಡು ಪ್ರದೇಶದ ತುಂಬ ಸೋಲ್ಜರುಗಳು, ಶನಿವಾರ ಮಧ್ಯಾಹ್ನವಾದರೆ ಡ್ಯಾನ್ಸ್ ಹಾಲುಗಳಲ್ಲಿ ಚಹಾ ಕುಡಿಯುತ್ತ ಜೋಡಿಯಾಗಿ ಕುಣಿಯುವ ಟೀ ಡ್ಯಾನ್ಸು. ಅಲ್ಲಿ ಬಾರಿಸುವ ಜಾಜ್ ಹಾಡುಗಳು ಬ್ಲಾಕ್‌ಪಳ್ಳಿಯ ಪೇಟೆಯಲ್ಲಿ ಗ್ರಾಮಫೋನ್ ಅಂಗಡಿಯ ಮುಂದೆ ನಿಂತರೆ ಪುಕ್ಕಟೆ ಕೇಳಿಸುತ್ತಿದ್ದವು. ಸೊಪ್ಪು ತರಲು ಹೋದವಳು ಸೊಪ್ಪು ಮರೆತು ಹಾಡು ತರುತ್ತಿದ್ದೆ. ಅಂಥದೊಂದಕ್ಕೆ ನನ್ನವೇ ನಾಲ್ಕು ಸಂಗತಿ ಸೇರಿಸಿ ಬಾಗಿಲಲ್ಲಿ ಕೂತು ನುಡಿಸುತ್ತಿದ್ದಾಗ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು ನಿಂತರು. ಆಂಗ್ಲೋ ಇಂಡಿಯನ್ ಬ್ಯಾಂಡ್ ಮಾಸ್ಟರು. ತುತ್ತೂರಿಯಂಥ ಕಾರ್ನೆಟ್ ಊದುವವರು. ಅವರ ಪಿಯಾನೋದವನು ಸೈನ್ಯಕ್ಕೆ ಸೇರಿಬಿಟ್ಟಿದ್ದ. ಹದಿನೈದು ದಿನದಲ್ಲಿ ಬೊಂಬಾಯಿಯಿಂದ ಇನ್ನೊಬ್ಬ ಬರುವವನಿದ್ದ. ಅಲ್ಲಿಯವರೆಗೆ ಮಗಳನ್ನು ಕಳಿಸಿ, ಆಕೆ ಕಲಿತುಬಿಟ್ಟರೆ ಬೊಂಬಾಯಿಯವನು ಬೇಕಿಲ್ಲ ಎಂದು ಅಮ್ಮನನ್ನು ಕೇಳಿಕೊಂಡರು. ಆ ಜಾಗ ನನಗೆ ಬೇಕೇಬೇಕು ಅನ್ನಿಸಿತು. ಹಾಗೆ ಯಾವುದನ್ನೂ ನಾನು ಅದುವರೆಗೆ ಬಯಸಿರಲಿಲ್ಲ. ಅವರು ಹೋದ ಮೇಲೆ ಅಮ್ಮನ ಮುಂದೆ ಜಂಬ ಕೊಚ್ಚಿದೆ: "ಅದೇನು ಮಹಾ, ಎಡಗೈಲಿ ಮಾಡ್ಬಿಡ್ತೀನಿ."

ಆಡಿದ ಬಾಯಿಗೆ ಮಾರನೆಯ ದಿನವೇ ಶಾಸ್ತಿಯಾಯಿತು. ಅವರು ಬಾರಿಸುವ ಡ್ಯಾನ್ಸ್ ಹಾಲಿಗೆ ಹೋಗಿ ಪಿಯಾನೋ ಮುಂದೆ ಕೂತೆ. ಬಲಗೈ ಸರ್ರನೆ ಓಡಿತು. ಎಡಗೈ ಮಾತ್ರ ತಾನಾಗಿಯೇ ಎದ್ದು ಹೋಗಿ ಪಿಯಾನೋದ ಪಕ್ಕದ ಹಲಗೆಯನ್ನು ಒತ್ತತೊಡಗಿತು. ತಿದಿ ಹುಡುಕುತ್ತಿದೆ, ಪಾಪ! ಡ್ರಮ್ಮಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಕೋಪ ಮೂಗಿನ ತುದಿಯಲ್ಲೇ. ಅಲ್ಲೇ ಎದ್ದು ಬರುತ್ತಿದ್ದೆ. ಮಾಸ್ಟರು ಭುಜ ಒತ್ತಿ ಕೂರಿಸಿದರು.

ಅವರ ಬ್ಯಾಂಡಿನಲ್ಲಿ ತಗ್ಗಿನ ಸ್ವರಕ್ಕೆ ಬೇರೆ ವಾದ್ಯವೇ ಇರಲಿಲ್ಲ. ಅದೆಲ್ಲ ಪಿಯಾನೋದವರ ಎಡಗೈಯದೇ ಭಾರ. ಕೆಳಗೆ ಒಂದು ಸ್ವರ ಹೊಡೆದು, ಮೇಲೆ ಹಾರಿ ಮೂರು ಸ್ವರ ಒಟ್ಟಿಗೆ ಒತ್ತಬೇಕು, ಮತ್ತೆ ಕೆಳಗೆ, ಮತ್ತೆ ಮೇಲೆ. ಮೂರು ಸ್ವರ ಒಟ್ಟಿಗೆ ಎಂದರೆ ಮೊದಲಿಗೆ ನಲ್ಲಿಯ ಹತ್ತಿರ ಮೂವರು ಹೆಂಗಸರು ಬೈದಾಡಿದ ಹಾಗೆ ಕೇಳಿಸಿತು. ಎರಡು ದಿನ ಕಳೆದ ಮೇಲೆ ಕಿವಿಗೆ ಲೆಕ್ಕ ಸಿಕ್ಕಿತು. ಸ ಗ ಪ ಒಂದು ಗುಂಪು, ಮ ಧ ಸ ಒಂದು, ಪ ನಿ ರಿ ಇನ್ನೊಂದು. ಮಾಸ್ಟರು ಇಂಗ್ಲಿಷಿನಲ್ಲಿ ಹೇಳುವುದನ್ನೆಲ್ಲ ನಾನು ಸರಿಗಮದಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಂಡೆ. ತಲೆ ಕಲಿಯಿತು. ಕೈ ಕಲಿಯಲಿಲ್ಲ. ವಾರ ಮುಗಿಯುವ ಹೊತ್ತಿಗೆ ಮಾಸ್ಟರು ಮುಖ ಸಪ್ಪೆ ಮಾಡಿಕೊಂಡು ಹೇಳಿದರು: "ನಿಮ್ದು ರೈಟ್ ಹ್ಯಾಂಡ್ ರಾಜಾ ಅಮ್ಮಾ. ಲೆಫ್ಟ್ ಹ್ಯಾಂಡ್ ಹೆಣ."

ಮನೆಗೆ ಬಂದು ಆ ಹಾಳು ಪಿಯಾನೋದ ಮನೆಗಳೇ ಬಿಗಿ ಎಂದು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದಳು. ನಾನು ಅತ್ತುಬಿಟ್ಟೆ. ಅಮ್ಮ ಒಳಗೆ ಹೋಗಿ ಹಳೇ ಸೀರೆಯ ಅಂಚು ಹರಿದು ತಂದು ನನ್ನ ಬಲಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದಳು. ಇನ್ನು ಒಂದು ವಾರ ಮನೆಯೊಳಗೆ ಎಲ್ಲ ಕೆಲಸವೂ ಎಡಗೈಯದೇ ಎಂದಳು. ಊಟಕ್ಕೇನು ಮಾಡಲಿ ಎಂದು ಕೇಳಿದೆ.

"ಊಟಾನೂ ಅದ್ರಲ್ಲೇ ಮಾಡು. ದೇವ್ರ ಹತ್ರ ನಾನು ಮಾತಾಡ್ಕೋತೀನಿ."

ಎಡಗೈಯಲ್ಲಿ ವೀಳ್ಯದೆಲೆ ಕೊಟ್ಟವರ ಮನೆಗೆ ಮತ್ತೆ ಕಾಲಿಡದ ಹೆಂಗಸು ಇವಳು! ಮುದ್ದೆ ಮುರಿದೆ, ರಂಗೋಲಿ ಇಟ್ಟೆ, ದೀಪ ಹಚ್ಚಿದೆ, ರುಬ್ಬುಗುಂಡು ತಿರುಗಿಸಿದೆ, ಎಲ್ಲ ಎಡಗೈಯಲ್ಲೇ. ರಂಗೋಲಿ ನೋಡಿದ ಪಕ್ಕದ ಮನೆಯಾಕೆ ಕೋಳಿ ಕೆದಕಿದೆಯೇ ಎಂದು ವಿಚಾರಿಸಿದಳು. ಮಧ್ಯಾಹ್ನ ಡ್ಯಾನ್ಸ್ ಹಾಲಿನಲ್ಲಿ ಪಿಯಾನೋ ಮುಂದೆ ಕೂತಾಗಲೂ ಬಲಗೈಯನ್ನು ತೊಡೆಯ ಕೆಳಗೇ ಇಟ್ಟುಕೊಂಡೆ. ಐದನೆಯ ದಿನ ಎಡಗೈ ನೋಡದೆಯೇ ಕೆಳಗಿನ ಸ್ವರಕ್ಕೆ ಹೋಗಿ ಬಂತು. ನಾನು ಸುಮ್ಮನೆ ಕೂತು ಅದು ಆಡುವುದನ್ನೇ ಕೇಳಿದೆ.

ಕೊನೆಯ ಶನಿವಾರ ಹಾಲು ಕಿಕ್ಕಿರಿದಿತ್ತು. ಮೂರನೆಯ ಹಾಡಿನ ನಡುವೆ ಮಾಸ್ಟರು ಕಾರ್ನೆಟ್ಟನ್ನು ತುಟಿಯಿಂದ ತೆಗೆದು ನನ್ನ ಕಡೆ ತೋರಿಸಿದರು. ಹಾಗೆ ತೋರಿಸಿದರೆ ಉಳಿದವರೆಲ್ಲ ನಿಲ್ಲಿಸಬೇಕು, ಹಾಡಿನ ಒಂದು ಸುತ್ತು ಪೂರ್ತಿ ನನ್ನೊಬ್ಬಳದೇ. ಡ್ರಮ್ಮೂ ನಿಂತಿತು. ಆ ಮೌನದೊಳಗೆ ನನ್ನ ಎಡಗೈ ಕೆಳಗೆ ಇಳಿಯಿತು, ಮೇಲೆ ಹಾರಿತು, ಒಂದು ಕೂದಲಿನಷ್ಟೂ ತಪ್ಪದೆ ನಡೆಯಿತು. ಅದು ನಡೆಯುವುದು ಗೊತ್ತಾದ ಮೇಲೆ ಬಲಗೈಗೆ ಯಾರ ಹಂಗು? ಮೇಷ್ಟ್ರು ಕಲಿಸಿದ ಸ್ವರಕಲ್ಪನೆಯನ್ನೆಲ್ಲ ಆ ಹಾಡಿನ ಮೇಲೆ ಸುರಿದೆ. ಸುತ್ತು ಮುಗಿಯುವ ಜಾಗಕ್ಕೆ ಒಂದೇ ಸ್ವರಗುಚ್ಛವನ್ನು ಮೂರು ಸಲ ನುಡಿಸಿ ತೀರ್ಮಾನ ಹಾಕಿ ಸರಿಯಾಗಿ ಬಂದು ನಿಂತೆ. ಕುಣಿಯುತ್ತಿದ್ದವರು ಕುಣಿತ ಬಿಟ್ಟು ಚಪ್ಪಾಳೆ ತಟ್ಟಿದರು. ಡ್ರಮ್ಮಿನವನು ಎದ್ದೇ ನಿಂತಿದ್ದ. ಗೆದ್ದೆ ಎಂದು ನನಗೆ ಆಗಲೇ ಗೊತ್ತಾಯಿತು; ಮುಚ್ಚಿಡುವುದೇನು, ಹಾಲಿನಲ್ಲಿದ್ದ ಯಾರಿಗಿಂತಲೂ ನಾನು ಎತ್ತರವಾಗಿದ್ದೆ.

ಬೊಂಬಾಯಿಯವನಿಗೆ ಬರಬೇಡವೆಂದು ಇವತ್ತೇ ತಂತಿ ಕಳಿಸುತ್ತೇನೆ, ಸೋಮವಾರ ಹತ್ತಕ್ಕೆ ಬನ್ನಿ ಎಂದರು ಮಾಸ್ಟರು. ನಾನು ಪಕ್ಕದ ವರಾಂಡಕ್ಕೆ ಓಡಿದೆ. ಒಳಗೆ ಕೂರಲು ಒಪ್ಪದ ಅಮ್ಮ ಅಲ್ಲೇ ಆಯಾಗಳ ನಡುವೆ ಎರಡು ಗಂಟೆಯಿಂದ ನಿಂತಿದ್ದಳು. ಕೇಳಿಸಿತೇ ಎಂದು ಕೇಳಿದೆ.

"ಬಲಗೈದು ಬಿಡು, ಅದನ್ನ ದಿನಾ ಕೇಳ್ತೀನಿ," ಎಂದಳು. "ಎಡಗೈ ಹಾಡ್ತು ಕಣೇ."

ಎಂದವಳೇ, ಅಷ್ಟು ಜನರ ಎದುರಿಗೆ, ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.