ನಲವತ್ತೆರಡು ಮೈಗಳ ಅಂಗಡಿ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಹೊಕ್ಕವರು ಒಂದು ಹೆಜ್ಜೆ ಹಿಂದಿಡುತ್ತಾರೆ. ಗೋಡೆಯುದ್ದಕ್ಕೂ ನಲವತ್ತೆರಡು ಜನ ಸಾಲಾಗಿ ನಿಂತಿದ್ದಾರೆ, ಒಬ್ಬರಿಗೂ ತಲೆಯಿಲ್ಲ. ಅವರ ನಡುವೆ ಒದ್ದೆ ಬಟ್ಟೆ ಹಿಡಿದು, ಒಬ್ಬೊಬ್ಬರ ಹೆಗಲ ಧೂಳು ಒರೆಸುತ್ತಾ ಓಡಾಡುತ್ತಿರುವವರು ಟೈಲರಕ್ಕ. ವಯಸ್ಸು ಐವತ್ತರ ಹತ್ತಿರ, ಕೊರಳಲ್ಲಿ ಸದಾ ಅಳತೆ ಟೇಪು.

"ಗೊಂಬೆ ಅನ್ಬೇಡಿ," ಎಂದು ಅವರು ಮೊದಲೇ ತಾಕೀತು ಮಾಡುತ್ತಾರೆ. "ಇವು ಮೈಗಳು. ಇವುಗಳ ಯಜಮಾನ್ರು ಹೊರದೇಶದಲ್ಲಿದ್ದಾರೆ, ಅಷ್ಟೆ."

ಮರದ ಕಂಬಕ್ಕೆ ಗೋಣಿ ಸುತ್ತಿ, ಅಳತೆಗೆ ತಕ್ಕಷ್ಟು ಹತ್ತಿ ತುಂಬಿ, ಮೇಲೆ ಬಿಳಿ ಬಟ್ಟೆ ಬಿಗಿದರೆ ಒಂದು ಮೈ ಸಿದ್ಧ. ಕುತ್ತಿಗೆಯ ಚೀಟಿಯಲ್ಲಿ ಒಂದು ಸಂಖ್ಯೆ, ಕೊನೆಯ ಅಳತೆಯ ತಾರೀಖು. ದುಡಿಯಲು ಹೋದವರಿಗೆ ಅಲ್ಲಿನ ಸಿದ್ಧ ಉಡುಪು ಮೈಗೆ ಕೂಡುವುದಿಲ್ಲ, ಹೊಲಿಸಿಕೊಳ್ಳುವುದು ಕೈಗೆಟುಕುವುದಿಲ್ಲ. ಹಾಗಾಗಿ ಅಳತೆ ಫೋನಿನಲ್ಲಿ ಬರುತ್ತದೆ, ಬಟ್ಟೆ ಪಾರ್ಸೆಲ್ಲಿನಲ್ಲಿ ಹೋಗುತ್ತದೆ. ಟೈಲರಕ್ಕನ ಜೊತೆ ಮೂವರು ಹೆಂಗಸರು, ನಾಲ್ಕು ಮೆಷಿನ್ನು, ದಿನಕ್ಕೆ ಒಂಬತ್ತು ಉಡುಪು. ಬೀದಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿದೆ. ಅಂಗಡಿಯಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ. ಇದನ್ನು ಹೇಳುವಾಗ ಟೈಲರಕ್ಕನಿಗೇ ಕಸಿವಿಸಿ.

ಪ್ರತಿ ಶನಿವಾರ ಸಂಜೆ ಹದಿನೇಳನೆಯ ನಂಬರಿನ ಹೆಂಡತಿ ಮಗಳೊಂದಿಗೆ ಬರುತ್ತಾಳೆ. ಮಗುವನ್ನು ಆ ಮೈಯ ಪಕ್ಕ ನಿಲ್ಲಿಸಿ ಎತ್ತರ ನೋಡುತ್ತಾಳೆ. ಮೊದಲು ಸೊಂಟದವರೆಗೆ ಇದ್ದವಳು ಈಗ ಎದೆಗೆ ಬಂದಿದ್ದಾಳೆ. ತಾಯಿ ಅದಕ್ಕೆ ತೊಡಿಸಿದ ಅಂಗಿಯ ಒಂದು ಗುಂಡಿ ಬಿಚ್ಚಿ, ಮತ್ತೆ ಹಾಕಿ, ಮಗಳ ಕೈ ಹಿಡಿದು ಹೊರಡುತ್ತಾಳೆ. ಆಗ ಮೆಷಿನ್ನಿನವರೆಲ್ಲ ತಲೆ ತಗ್ಗಿಸಿ ಹೊಲಿಯುತ್ತಾರಂತೆ.

ಬಾಗಿಲ ಬಳಿ ಒಂದು ಗೋಣಿಚೀಲವಿದೆ. ಅಂಗಡಿಯ ಬಗ್ಗೆ ಬರೆಯಲು ಬಂದ ನಾನು ಅದರ ಮೇಲೆ ಕೂರಲು ಹೋದಾಗ ಟೈಲರಕ್ಕ ತಡೆದು ಕುರ್ಚಿ ಎಳೆದರು. ಹೋದವರು ಮೊದಲ ವರ್ಷ ಸೊರಗುತ್ತಾರೆ. ಹೊಸ ಅಳತೆ ಬಂದಾಗ ಮೈಯಿಂದ ಹತ್ತಿ ತೆಗೆಯಬೇಕು. ತೆಗೆದದ್ದೆಲ್ಲ ಆ ಚೀಲದಲ್ಲಿದೆ. ಬಿಸಾಡಲು ಅವರಿಗೆ ಮನಸ್ಸು ಬಂದಿಲ್ಲ.

"ಮನೆಗೆ ಫೋನ್ ಮಾಡಿ ಚೆನ್ನಾಗಿದೀವಿ ಅಂತಾರೆ. ಆಮೇಲೆ ನನಗೆ ಸೊಂಟದಳತೆ ಹೇಳ್ತಾರೆ," ಎಂದು ಅವರು ದನಿ ತಗ್ಗಿಸುತ್ತಾರೆ. "ಮನೆಯವರಿಗಿಂತ ಮೊದಲು ನನಗೇ ಗೊತ್ತಾಗೋದು. ಹೇಳೋ ಹಾಗೂ ಇಲ್ಲ."

ಕಳೆದ ವಾರದವರೆಗಿನ ಏಳು ವರ್ಷಗಳಲ್ಲಿ ಚೀಲಕ್ಕೆ ಒಂದು ಎಳೆಯನ್ನೂ ಕೊಡದ ಮೈ ಒಂದನೆಯ ನಂಬರಿನದು. ಅದು ತಮ್ಮನದು. ಅಕ್ಕತಮ್ಮ ಇಬ್ಬರೂ ಅಪ್ಪನ ಕೈಕೆಳಗೇ ಕತ್ತರಿ ಹಿಡಿದವರು. ಇಬ್ಬರ ಹೆಸರಲ್ಲೂ ಒಂದೇ ಅಂಗಡಿ ಇಡುವ ಆಸೆಯಿತ್ತು. ಈ ಬೀದಿಯಲ್ಲಿ ಸೂಜಿ ಹಿಡಿದು ಕೂತರೆ ಕಣ್ಣು ಹೋಗುತ್ತದೆಯೇ ಹೊರತು ಬದುಕು ಹಸನಾಗುವುದಿಲ್ಲ ಎಂದು ತಮ್ಮ ಜಗಳವಾಡಿ ಹೊರಟ. ಅರ್ಧ ಉಳಿದ ಅವನ ಕೋಟು ಮುಗಿಸಲೆಂದೇ ಅಕ್ಕ ಈ ಮೊದಲ ಮೈ ಕಟ್ಟಿದ್ದು. ಕಳಿಸಿದ ಕೋಟು ಅಚ್ಚುಕಟ್ಟಾಗಿ ಕೂತಿತು, ಅವನ ಕೋಣೆಯವರೂ ಬೇಕೆಂದರು, ವ್ಯಾಪಾರ ಕುದುರಿತು. ಅಲ್ಲಿಂದೀಚೆಗೆ ತಮ್ಮ ಹೇಳುವ ಸೊಂಟದಳತೆ ಒಂದೇ: ಮೂವತ್ತನಾಲ್ಕು.

ಹೋದ ತಿಂಗಳು ಅವನು ಅಕ್ಕನಿಗೂ ಕಾಗದಪತ್ರ ಕಳಿಸಿದ. ಅವನ ಕಾರ್ಖಾನೆಯಲ್ಲೇ ಕೆಲಸ, ಅವನ ಪಕ್ಕದ್ದೇ ಮೆಷಿನ್ನು. ಈ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಟೈಲರಕ್ಕ ಮುಕ್ಕಾಲು ಪಾಲು ಒಪ್ಪಿದ್ದರು. ಅಂಗಡಿ ನಡೆಸಲು ಆ ಮೂವರು ಹೆಂಗಸರಿಗೂ ಧೈರ್ಯವಿರಲಿಲ್ಲ, ಆದರೂ ತಾವು ಹೋದ ಮೇಲೆ ತಮಗೆ ಬಟ್ಟೆ ಹೊಲಿಯಲಿ ಎಂದು ನಲವತ್ತೆರಡನೆಯ ಮೈ ಕಟ್ಟಿಟ್ಟರು. ಅದು ಮೂಲೆಯಲ್ಲಿ ದುಪ್ಪಟಿ ಹೊದ್ದು ನಿಂತಿದೆ. ಅತ್ತ ಬೆನ್ನು ಮಾಡಿ ಕೂರಲು ಮೂವರೂ ಒಪ್ಪುವುದಿಲ್ಲ.

ಕಳೆದ ವಾರ ತಮ್ಮ, ಕಾರ್ಖಾನೆಯಲ್ಲಿ ಸ್ವಂತ ಬಟ್ಟೆ ಹೊಲಿಯುವಂತಿಲ್ಲವೆಂದು, ಜಿಪ್ ಹಾಕಿಸಲು ಹಳೆಯ ಪ್ಯಾಂಟನ್ನು ಊರಿಗೆ ಬರುವವರ ಕೈಯಲ್ಲಿ ಕಳಿಸಿದ. ಟೈಲರಕ್ಕ ಅದನ್ನು ಮೇಜಿನ ಮೇಲೆ ತಿರುವಿ ಹಾಕಿದಾಗ, ಸೊಂಟದ ಒಳಗೆ ನಾಲ್ಕು ಇಂಚು ಮಡಚಿ ಕೈಹೊಲಿಗೆ ಹಾಕಿದ್ದು ಕಂಡಿತು. ಅಪ್ಪ ಕಲಿಸಿದ ಓರೆ ಹೊಲಿಗೆ. ಬಿಚ್ಚಿ ಕಳಿಸಲು ಮರೆತಿದ್ದಾನೆ. ಅವತ್ತು ಅವರು ಕತ್ತರಿ ಮುಟ್ಟಲಿಲ್ಲ. ಮರುದಿನ ಒಂದನೆಯ ಮೈಯ ಹೊಟ್ಟೆ ಬಿಚ್ಚಿ ಹತ್ತಿ ತೆಗೆದರು. ಎಳೆದಷ್ಟೂ ಬರುತ್ತಿತ್ತಂತೆ.

ಇವತ್ತು ಶುಕ್ರವಾರ. ಬೆಳಕು ಹರಿಯುತ್ತಿದೆ. ಧೂಳು ಒರೆಸುವ ಬಟ್ಟೆ ಕೆಳಗಿಟ್ಟು ಟೈಲರಕ್ಕ ಮೂಲೆಗೆ ಹೋಗಿ ದುಪ್ಪಟಿ ಎಳೆಯುತ್ತಾರೆ. ಥೇಟ್ ಅವರದೇ ಇಳಿಜಾರು ಹೆಗಲು. ಅದರ ಬೆನ್ನಿನ ಹೊಲಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ಕತ್ತರಿಸುತ್ತಾರೆ. ಆಗಷ್ಟೇ ಬಂದ ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಾರೆ. ಒಬ್ಬಾಕೆ ಮುಂದೆ ಬಂದು ದುಪ್ಪಟಿ ಮಡಚುತ್ತಾಳೆ, ಇನ್ನೊಬ್ಬಾಕೆ ಮೆಷಿನ್ನಿಗೆ ದಾರ ಪೋಣಿಸುತ್ತಾಳೆ. ಬರಿಯ ಕಂಬ ಉಳಿಯುತ್ತದೆ.

ತಮ್ಮನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಟೈಲರಕ್ಕ ಆಗಲೇ ಕತ್ತರಿಸಿಟ್ಟ ಹೊಸ ಪ್ಯಾಂಟಿನ ಬಟ್ಟೆಯನ್ನು ಮೆಷಿನ್ನಿಗೆ ಕೊಡುತ್ತಿದ್ದರು.

"ಬರಲ್ಲ ಅನ್ನೋದು ಬಿಟ್ರೆ ಇನ್ನೇನೂ ಹೇಳಲ್ಲ. ಮೂವತ್ತಕ್ಕೇ ಹೊಲಿದು ಕಳಿಸ್ತೀನಿ, ಸರಿಯಾಗಿ ಕೂತಾಗ ಅಕ್ಕಂಗೆ ಗೊತ್ತಾಗಿದೆ ಅಂತ ಅವನಿಗೇ ತಿಳಿಯುತ್ತೆ." ಚಕ್ರ ತಿರುಗಿಸಿ, ಒಳಮಡಿಕೆಯನ್ನು ಬೆರಳಿನಿಂದ ಒತ್ತಿದರು. "ಒಳಗೆ ನಾಲ್ಕು ಇಂಚು ಬಟ್ಟೆ ಬಿಟ್ಟಿದೀನಿ. ಅವನಿಲ್ಲಿಗೆ ಬಂದ ಮೇಲೆ ನಾನೇ ಬಿಚ್ತೀನಿ."