ಮನೆ ಪರೀಕ್ಷೆಗೆ ಬಂದ ಕಾರ್ಡು

ನಿಘಂಟು ಕಚೇರಿಯಲ್ಲಿ ಕಾರ್ಡಪ್ಪನೆಂದೇ ಹೆಸರಾದ ಮನುಷ್ಯನಿಗೆ ಹೊಟ್ಟೆಕಿಚ್ಚು ಹುಟ್ಟುಗುಣವೇನಲ್ಲ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಇಂಗ್ಲಿಷ್ ಪದವೊಂದಕ್ಕೆ ಒಂದು ರಟ್ಟಿನ ಕಾರ್ಡಿನಂತೆ, ಮೇಲೆ ಅರ್ಥ, ಕೆಳಗೆ ಬಳಕೆಯ ವಾಕ್ಯ ಬರೆದು ಅವನ ಬೆರಳು ಗಂಟು ಕಟ್ಟಿತ್ತು. ಯಾರ ತಂಟೆಗೂ ಹೋದವನಲ್ಲ. ಅಂಚೆ ಮೇಡಂ ಬಂದ ಮೇಲೇ ಈ ಉರಿ ಹತ್ತಿಕೊಂಡದ್ದು.

ಅವರು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಹೊರದೇಶದ ಕಾಗದ ವಿಂಗಡಿಸಿ ನಿವೃತ್ತರಾದವರು. ಇಲ್ಲಿಗೆ ಬಂದು ಆರು ತಿಂಗಳೂ ತುಂಬಿರಲಿಲ್ಲ, ಸಂಪಾದಕರು ‘ಬೈಲ್ಯಾಟರಲ್’ ಪದವನ್ನು ಅವರ ಮೇಜಿಗೆ ಹಾಕಿಬಿಟ್ಟರು. ಎರಡು ದೇಶಗಳು ತಮ್ಮತಮ್ಮಲ್ಲೇ ಒಪ್ಪಿ ನಡೆಸುವ ವ್ಯವಹಾರಕ್ಕೆ ಹೇಳುವ ಮಾತು ಅದು. ಕಾರ್ಡಪ್ಪನ ಹೆಂಡತಿಯ ತವರು ನದಿಯಾಚೆ, ಬೇರೆ ದೇಶದಲ್ಲಿ; ಅವಳ ಅಕ್ಕ ಇರುವುದೂ ಅಲ್ಲೇ. ಸೇತುವೆ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಸೇತುವೆ ತೆರೆಸುವುದು ಅವನ ಕೈಲಿಲ್ಲ, ಆದರೆ ಆ ಪದವನ್ನಾದರೂ ತಾನೇ ಬರೆದು ಅವಳಿಗೆ ಓದಿ ಹೇಳಬೇಕೆಂದು ಆಸೆ ಇಟ್ಟುಕೊಂಡಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಕಚೇರಿಯಲ್ಲಿ ‘ಮನೆ ಪರೀಕ್ಷೆ’ ಎಂಬ ಪದ್ಧತಿಯಿತ್ತು. ಒಬ್ಬರು ಬರೆದ ಕಾರ್ಡನ್ನು ಇನ್ನೊಬ್ಬರು ಮನೆಗೆ ಒಯ್ದು ಇಂಗ್ಲಿಷ್ ಬಾರದವರಿಗೆ ಓದಬೇಕು. ಕೇಳಿದವರು ಪ್ರಶ್ನೆ ಹಾಕದಿದ್ದರೆ ಪಾಸು. ಒಂದು ಪ್ರಶ್ನೆ ಬಂದರೂ ಫೇಲು, ಆಗ ಪರೀಕ್ಷೆ ಮಾಡಿದವರೇ ಹೊಸದಾಗಿ ಬರೆದು ಅದೇ ಕಿವಿಗೆ ಓದಬೇಕು. ಅದೂ ಫೇಲಾದರೆ ಮೊದಲಿನ ಕಾರ್ಡೇ ಅಚ್ಚಿಗೆ ಹೋಗುತ್ತಿತ್ತು.

ಅಂಚೆ ಮೇಡಂ ಬರೆದ ಕಾರ್ಡು ಕಾರ್ಡಪ್ಪನ ಪಾಲಿಗೇ ಬಂತು. ಮೊಸರಲ್ಲಿ ಕಲ್ಲು ಹುಡುಕುವವನಂತೆ ಬಸ್ಸಿನಲ್ಲಿ ನಾಲ್ಕು ಸಲ ಓದಿದ. ಕಲ್ಲು ಸಿಗಲಿಲ್ಲ. ಸಂಜೆ ಹೆಂಡತಿ ಬಟ್ಟೆ ಮಡಿಚುತ್ತಿದ್ದಾಗ, ಕೇಳಿಸಿದರೂ ಆಯಿತು, ಬಿಟ್ಟರೂ ಆಯಿತು ಎನ್ನುವಂತೆ ಗಡಿಬಿಡಿಯಲ್ಲಿ ಓದಿದ.

“ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಆಚೆ ದಡದ ಅಕ್ಕ ಈಚೆ ದಡದ ತಂಗಿಯ ಮನೆಯಲ್ಲಿ ಉಂಡು ಸಂಜೆಗೆ ತನ್ನ ಮನೆ ಸೇರಿದಳು.”

ಅವಳ ಕೈ ನಿಂತಿತು. ಇನ್ನೊಂದು ಸಲ ಓದಿಸಿಕೊಂಡಳು. ಆಮೇಲೆ, “ಇದನ್ನ ಬರೆದವರು ಯಾರು?” ಅಂದಳು. “ಅವರಿಗೂ ಆಚೆ ಕಡೆ ಅಕ್ಕ ಇದ್ದಾರಾ?”

ಕಾರ್ಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತಾನು ಬರೆದದ್ದನ್ನೆಲ್ಲ ಓದಿದಾಗ “ಹೂಂ, ಅರ್ಥ ಆಯ್ತು” ಎಂದು ಒಲೆಯ ಕಡೆ ತಿರುಗುತ್ತಿದ್ದವಳು, ನಿನ್ನೆ ಮೊನ್ನೆ ಬಂದವರ ಒಂದು ಸಾಲಿಗೆ ಕಣ್ಣು ಒದ್ದೆ ಮಾಡಿಕೊಂಡಿದ್ದಳು. ಯಾರೋ ಎಂದು ಹೇಳಿ ಎದ್ದುಹೋದ.

ಮರುದಿನ ಕಾರ್ಡಿನ ಹಿಂದೆ ‘ಎರಡು ಪ್ರಶ್ನೆ ಬಂತು’ ಎಂದು ಬರೆದುಕೊಟ್ಟ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಮನೆಯವರು ಹೇಗಿದ್ದಾರೆ ಎಂದು ಅಂಚೆ ಮೇಡಂ ಸುಮ್ಮನೆ ಕೇಳಿದ್ದಕ್ಕೇ ಪರೀಕ್ಷೆಯ ನಿಯಮವನ್ನೆಲ್ಲ ಬಿಡಿಸಿ ಹೇಳತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಕಥೆಯಾಯಿತು. ಅವರು ಬೇಸರಿಸದೆ, ನೀವೇ ಬರೆಯಿರಿ, ಚೆನ್ನಾಗಿ ಬರೆಯುತ್ತೀರಿ ಎಂದರು. ಅವರು ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು.

ನಾಲ್ಕು ದಿನ ತಿಣುಕಿದ. ಅಕ್ಕ ಎಂದು ಬರೆಯಲು ಹೋದರೆ ಅದು ಅವರದಾಗುತ್ತಿತ್ತು, ನದಿ ಎಂದರೂ ಅವರದೇ. ಕೊನೆಗೆ ಐದನೆಯ ಸಂಜೆ ಹೆಂಡತಿಗೆ ಓದಿದ: “ದ್ವಿಪಕ್ಷೀಯ ಮಾತುಕತೆ ಸೌಹಾರ್ದಯುತ ವಾತಾವರಣದಲ್ಲಿ ಮುಕ್ತಾಯವಾಯಿತು.”

“ಹೂಂ, ಅರ್ಥ ಆಯ್ತು,” ಎಂದಳು ಅವಳು.

ಪಾಸು. ಪದ ಅವನದಾಯಿತು. ಕಾರ್ಡಪ್ಪ ಪೆನ್ನಿನ ಮುಚ್ಚಳ ತೆಗೆದ. ಮಡಿಚಿದ ಬಟ್ಟೆ ಎತ್ತಿಕೊಂಡು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

“ಆವತ್ತು ಓದಿದ್ರಲ್ಲ, ಉಂಡು ಸಂಜೆಗೆ ಮನೆ ಸೇರಿದ ಅಕ್ಕ,” ಅಂದಳು. “ಆ ಕಾರ್ಡು ಏನಾಯ್ತು?”

ಪಾಸಾದ ಮೇಲೆ ಬಂದ ಪ್ರಶ್ನೆಗೆ ನಿಯಮದಲ್ಲಿ ಜಾಗವಿರಲಿಲ್ಲ. ಅವನ ಹೊಟ್ಟೆಯ ಉರಿ ಒಂದಿಷ್ಟೂ ಆರಿರಲಿಲ್ಲ. ಆ ಉರಿಯಲ್ಲೇ ತನ್ನ ಕಾರ್ಡನ್ನು ತಿರುಗಿಸಿ, ‘ಒಂದು ಪ್ರಶ್ನೆ ಬಂತು’ ಎಂದು ಬರೆದ.

“ಅಚ್ಚಿಗೆ ಹೋಗುತ್ತೆ,” ಅಂದ. “ಬರೆದವರು ನಮ್ಮ ಅಂಚೆ ಮೇಡಂ.”