ಕೆಂಪು ಮುಚ್ಚಳದ ವೇರಿಯಂಟ್

೨೦೦೮ರಲ್ಲಿ ನಾನು ಸೇಡಂನ ಒಂದು ಹೋಲ್‌ಸೇಲ್ ಅಂಗಡಿಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ವಿಭಾಗವೆಂದರೆ ನಾನು, ಒಂದು ಕಂಪ್ಯೂಟರ್, ಕರೆಂಟ್ ಹೋದಾಗ ಬಾಯಿ ಬಡಿದುಕೊಳ್ಳುವ ಒಂದು ಯುಪಿಎಸ್. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಚಿಲ್ಲರೆ ಅಂಗಡಿಯವರು ನಮ್ಮ ಆನ್‌ಲೈನ್ ಶಾಪ್‌ನಲ್ಲಿ ರೈತರ ಸಾಮಾನು ಆರ್ಡರ್ ಮಾಡುತ್ತಿದ್ದರು. ಮಾಲು ಬಸ್ಸಿನಲ್ಲಿ ಹೋಗುತ್ತಿತ್ತು.

ಅಂಥ ಸಾಫ್ಟ್‌ವೇರಿನಲ್ಲಿ ಮೂರು ಮಾತು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕೆಟಗರಿ ಎಂದರೆ ಅಂಗಡಿಯ ಹಲಗೆ. ಪ್ರಾಡಕ್ಟ್ ಎಂದರೆ ಅದರ ಮೇಲಿನ ವಸ್ತು. ಅದೇ ವಸ್ತು ಅಳತೆಯಲ್ಲೋ ಬಣ್ಣದಲ್ಲೋ ಬೇರೆಯಾದರೆ ವೇರಿಯಂಟ್. ಗಿರಾಕಿ ವೇರಿಯಂಟ್ ಆರಿಸದಿದ್ದರೆ ಮೊದಲನೆಯದೇ ಪಾರ್ಸಲ್ ಆಗುತ್ತಿತ್ತು.

ಮಾಲೀಕರಾದ ಶರಣಪ್ಪ ಸಾವ್ಕಾರರು ಆಯುಷ್ಯವೆಲ್ಲ ಕಂಪನಿವಾರು ಮಾಲು ಜೋಡಿಸಿದವರು. ನಾನು ಸೇರುವ ಮೊದಲೇ ಸೈಟಿನಲ್ಲೂ ಹಾಗೇ ಮಾಡಿಸಿದ್ದರು. ಒಂದೇ ಕಂಪನಿಯ ಎರಡು ಸೀಸೆಗಳಿದ್ದವು. ಕೆಂಪು ಮುಚ್ಚಳದ್ದು ತೊಗರಿಯ ಹುಳಕ್ಕೆ ಹೊಡೆಯುವ ವಿಷ, ಹಸಿರು ಮುಚ್ಚಳದ್ದು ದನದ ಮೈಗೆ ಹತ್ತುವ ಉಣ್ಣೆಹುಳಕ್ಕೆ ಹಚ್ಚುವ ಔಷಧ. ಸೈಟಿನಲ್ಲಿ ಅವು ಒಂದೇ ಪ್ರಾಡಕ್ಟಿನ ಎರಡು ವೇರಿಯಂಟ್, ಕೆಂಪು ಮೊದಲು. ಬೇರೆ ಮಾಡೋಣ ಎಂದರೆ ಸಾವ್ಕಾರರು ನಕ್ಕುಬಿಟ್ಟರು.

"ಎರಡೂ ಅವರೇ ಮಾಡ್ತಾರಲ್ಲ ತಂಗಿ, ಅಣ್ಣ ತಮ್ಮರ್ನ ಯಾಕ ಬ್ಯಾರೆ ಮಾಡ್ತಿ?"

ಒಂದು ಸೋಮವಾರ ಬೆಳಿಗ್ಗೆ ಸುಲೇಪೇಟದ ಅಂಗಡಿಯ ಬಸಣ್ಣ ಫೋನ್ ಮಾಡಿದರು.

"ಮೇಡಂ, ಉಣ್ಣಿ ಔಷಧದ ಮುಚ್ಚಳ ಈ ಸಲ ಕೆಂಪ ಬಂದದಲ್ರಿ, ಹೊಸಾದೇನು?"

ನಾನು ಅವರ ಆರ್ಡರ್ ತೆರೆದೆ. "ಯಾರಿಗರೆ ಕೊಟ್ಟೀರೇನ್ರಿ?"

"ಚಿಮ್ಮನಚೋಡದ ಈರಮ್ಮಗ ನಿನ್ನಿ ಒಂದ್ ಸೀಸೆ ಕೊಟ್ಟೀನಿ. ಇವತ್ತ ಎತ್ತಿನ ಮೈ ತೊಳಿತಾಳಂತ."

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿಗೆ ನೊಗ ಹಾಕುವುದಿಲ್ಲ, ಮೈ ತೊಳೆದು ಕೈಮುಗಿಯುತ್ತಾರೆ. ಆ ವಿಷವನ್ನು ಆಕೆ ಬರಿಗೈಯಲ್ಲಿ ತಿಕ್ಕುವುದಿತ್ತು.

"ಅದು ತೊಗರಿಗಿ ಹೊಡಿಯೋ ವಿಷರಿ! ಗಾಡಿ ತಗೊಂಡು ಓಡ್ರಿ!"

ಈರಮ್ಮನ ಮನೆಯಲ್ಲಿ ಫೋನಿರಲಿಲ್ಲ. ಕಾಯುವುದೊಂದೇ ದಾರಿ. ಬೇರೆ ಆರ್ಡರುಗಳನ್ನೆಲ್ಲ ತೆಗೆದು ನೋಡಿದೆ. ವೇರಿಯಂಟ್ ಆರಿಸದೆ ಕೆಂಪು ಸೀಸೆ ಪಾರ್ಸಲ್ ಆದದ್ದು ಸುಲೇಪೇಟಕ್ಕೆ ಮಾತ್ರ. ಆದರೂ ಸಮಾಧಾನವಿಲ್ಲ. ಫೋನ್ ಸದ್ದಿಲ್ಲದಿದ್ದರೂ ಭಯ, ಸದ್ದಾದರೆ ಇನ್ನೂ ಭಯ. ಎದುರಿಗೆ ಸಾವ್ಕಾರರು ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡು ಕೂತಿದ್ದರು.

ಕೊನೆಗೂ ಬಸಣ್ಣನ ಫೋನ್ ಬಂತು.

"ಬಕೀಟಿನಾಗ ಕಲಸಿ ಒಂದ್ ಎತ್ತಿನ ಕೊರಳಿಗಿ ಹಚ್ಚಿಬಿಟ್ಟಿದ್ಲ್ರಿ. ಸಾಬಾನ ಹಚ್ಚಿ ತೊಳದೀವಿ. ದನದ ಡಾಕ್ಟರ್ ಬರಾಕತ್ಯಾರ."

"ಈರಮ್ಮ?"

"ಕೈ ಭಾಳ ಉರಿಯಾಕತ್ತಾವ ಅಂತಾಳ. ದವಾಖಾನಿಗಿ ಕರ್ಕೊಂಡು ಹೊಂಟೀನಿ."

ಸಂಜೆ ಈರಮ್ಮ ಮನೆಗೆ ಮರಳಿದ ಸುದ್ದಿ ಬಂತು. ಎತ್ತು ಜೊಲ್ಲು ಸುರಿಸುತ್ತ ಮಲಗಿದ್ದು, ಮರುದಿನ ಮೇವಿಗೆ ಬಾಯಿ ಹಾಕಿತು. ಆ ಸುದ್ದಿ ಕೇಳಿದೊಡನೆ ಸಾವ್ಕಾರರು ಎದ್ದರು. ಹಲಗೆಯ ಮೇಲಿನ ಕೆಂಪು ಸೀಸೆಗಳನ್ನೆಲ್ಲ ತಾವೇ ಅಪ್ಪಿಕೊಂಡು ಅಂಗಡಿಯ ಆಚೆ ಗೋಡೆಗೆ ಒಯ್ದರು.

"ಕಂಪ್ಯೂಟರ್‌ದಾಗೂ ಬ್ಯಾರೆ ಮಾಡು, ತಂಗಿ," ಎಂದರು.

ಆಮೇಲೆ ಎಷ್ಟೋ ಅಂಗಡಿಗಳ ಕ್ಯಾಟಲಾಗ್ ಕಟ್ಟಿದೆ. ತಯಾರಿಸಿದವರು ಯಾರು ಎಂದು ನಾನು ಮೊದಲು ಕೇಳುವುದಿಲ್ಲ. ಇದರ ಬದಲು ಅದು ಹೋದರೆ ಗಿರಾಕಿಗೆ ಏನಾಗುತ್ತದೆ ಎಂದು ಕೇಳುತ್ತೇನೆ. ಬೈದು ಸುಮ್ಮನಾಗುವಂತಿದ್ದರೆ ಅದು ವೇರಿಯಂಟ್. ಜೀವಕ್ಕೆ ಕುತ್ತು ಬರುವಂತಿದ್ದರೆ ಬೇರೆ ಪ್ರಾಡಕ್ಟ್, ಬೇರೆ ಹಲಗೆ. ಇಷ್ಟು ತಿಳಿದಿದ್ದರೂ ಸೇವ್ ಬಟನ್ ಒತ್ತುವಾಗ ನಾನು ಎಂದೂ ನೋಡದ ಈರಮ್ಮನ ಕೈಗಳು ಕಣ್ಣ ಮುಂದೆ ಬರುತ್ತವೆ, ನನ್ನ ಬೆರಳು ತಡೆದು ನಿಲ್ಲುತ್ತದೆ.